ಬರೆದ ಷರತ್ತು, ಬರೆಯದ ಷರತ್ತು

ಪ್ಲಾಟನ್ನೋ ಮನೆಯನ್ನೋ ಕೊಳ್ಳುವವನು ಖರೀದಿ ಪತ್ರದಲ್ಲಿ ಮೂರು ಸಂಗತಿಗಳನ್ನು ತಪ್ಪದೆ ನೋಡುತ್ತಾನೆ. ತನ್ನ ಹೆಸರು ಸರಿಯಾಗಿದೆಯೇ, ಕೊಟ್ಟ ಹಣದ ಅಂಕಿ ಸರಿಯಾಗಿದೆಯೇ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಸರಿಯಾಗಿದೆಯೇ. ಇವುಗಳ ಕೆಳಗೆ ಬರುವ ಷರತ್ತುಗಳನ್ನು ಓದುವವರು ವಿರಳ. ರಸ್ತೆಯ ಅಂಚಿನಿಂದ ಇಷ್ಟು ಅಡಿ ಬಿಟ್ಟು ಕಟ್ಟಬೇಕು, ವಾಸದ ಮನೆಯಲ್ಲಿ ಅಂಗಡಿ ಇಡಕೂಡದು, ಇಂಥವರಿಗಲ್ಲದೆ ಅನ್ಯರಿಗೆ ಮಾರಕೂಡದು ಎಂದು ಸಾಗುವ ಆ ಸಾಲುಗಳನ್ನು ನಿರ್ಬಂಧಕ ಕರಾರುಗಳೆಂದು ಕರೆಯಬಹುದು. ಹಣ ಒಮ್ಮೆ ಕೊಟ್ಟರೆ ತೀರಿತು. ಕರಾರು ಹಾಗೆ ತೀರುವುದಿಲ್ಲ. ಬರೆದವನು ಹೋದ ಮೇಲೆಯೂ ಅದು ನೆಲಕ್ಕೆ ಅಂಟಿಕೊಂಡು ಉಳಿಯಬಲ್ಲದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಿನ ಸೀಮೆಯಲ್ಲಿ ಇಂಥ ಕರಾರುಗಳು ಯಾವ ಯಾವ ರೂಪದಲ್ಲಿ ಬಂದವು, ಯಾರನ್ನು ಕಾಯ್ದವು, ಯಾರನ್ನು ಹೊರಗಿಟ್ಟವು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನೆಲಕ್ಕೆ ಷರತ್ತು ಹಾಕುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟ. ರಾಷ್ಟ್ರಕೂಟರ ತಾಮ್ರಶಾಸನಗಳು ದಾನ ಕೊಟ್ಟ ಊರನ್ನು ‘ಅಚಾಟಭಟಪ್ರವೇಶ್ಯ’ವೆಂದು ಕರೆಯುವುದುಂಟು. ಅರಸನ ಭಟರೂ ಆಳುಗಳೂ ಅಲ್ಲಿ ಕಾಲಿಡಕೂಡದೆಂದು ಅದರ ತಾತ್ಪರ್ಯ. ಶಾಸನದ ಕೊನೆಗೆ, ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವೂ ಇರುತ್ತದೆ. ಮುಂದೆ ಬರುವ ಅರಸರನ್ನು ಕಟ್ಟಿಹಾಕಲು ಬೇರೆ ಉಪಾಯವಿಲ್ಲದ ಕಾಲದಲ್ಲಿ ಶಾಪವೇ ಕಾವಲು. ಈ ಷರತ್ತು ಹೊರಗಿಟ್ಟದ್ದು ಬಲವಂತನನ್ನು. ಆದರೆ ಆ ಊರಿನ ಒಳಗೆ ಯಾರು ಎಲ್ಲಿ ನೆಲೆಸಬೇಕೆಂಬುದನ್ನು ತೀರ್ಮಾನಿಸಿದ ಇನ್ನೊಂದು ಷರತ್ತಿತ್ತು. ಅದನ್ನು ತಾಮ್ರದ ಮೇಲೆ ಕೊರೆಯಬೇಕಾಗಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಯಾರ ಮನೆ ಅಗಸಿಯ ಒಳಗೆ, ಯಾರ ಮನೆ ಅಗಸಿಯ ಹೊರಗೆ ಎಂಬುದು ಎಲ್ಲಿಯೂ ಬರೆದುದಲ್ಲ, ಎಲ್ಲರಿಗೂ ಗೊತ್ತಿದ್ದುದು. ಓಣಿಗಳ ಹೆಸರುಗಳೇ ಪತ್ರದ ಕೆಲಸ ಮಾಡುತ್ತಿದ್ದವು. ಇಂಥ ಓಣಿಯಲ್ಲಿ ಇಂಥವನು ಮನೆ ಕೇಳುವುದಿಲ್ಲ, ಕೇಳಿದರೆ ಯಾರೂ ಕೊಡುವುದಿಲ್ಲ ಎಂಬ ತಿಳಿವಳಿಕೆ ಮಾತಿಲ್ಲದೆಯೇ ತಲೆಮಾರಿನಿಂದ ತಲೆಮಾರಿಗೆ ದಾಟಿತು. ಬರೆದ ಷರತ್ತನ್ನು ಯಾರಾದರೂ ಒಂದು ದಿನ ಹೊಡೆದುಹಾಕಬಹುದು. ಬರೆಯದ ಷರತ್ತನ್ನು ಎಲ್ಲಿ ಹುಡುಕಿ ಹೊಡೆಯುವುದು?

ಈ ವ್ಯವಸ್ಥೆಯ ನಡುವೆ ಹೊಸ ಬಗೆಯ ನೆಲವೊಂದು ಕಾಣಿಸಿಕೊಂಡದ್ದು ರೈಲಿನೊಡನೆ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲುದಾರಿ ತೆರೆಯಿತು. ವಾಡಿ ಜಂಕ್ಷನ್ ಆಯಿತು. ಸುತ್ತಲಿನ ನೆಲವೆಲ್ಲ ನಿಜಾಮರದಾದರೂ ರೈಲಿನ ನೆಲದ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷರಿಗೆ ಬಿಟ್ಟುಕೊಡಲಾಗಿತ್ತು. ಆ ಅಧಿಕಾರದ ಮಿತಿ ಎಷ್ಟೆಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಬಿಟ್ಟುಕೊಟ್ಟ ಅಧಿಕಾರ ರೈಲಿನ ಆಡಳಿತಕ್ಕೆ ಮಾತ್ರ, ಅದನ್ನು ಹಿಡಿದುಕೊಂಡು ಬೇರೆ ಯಾವುದೋ ಆಪಾದನೆಗಾಗಿ ಆ ನೆಲದಲ್ಲಿ ಮನುಷ್ಯನನ್ನು ಬಂಧಿಸುವಂತಿಲ್ಲ ಎಂದು 1897ರಲ್ಲಿ ತೀರ್ಪಾಯಿತು. ಕೊಟ್ಟ ಹಕ್ಕಿಗೆ ಕೊಟ್ಟ ಉದ್ದೇಶವೇ ಎಲ್ಲೆ ಎಂಬ ಈ ಮಾತು ನಮ್ಮ ವಿಷಯಕ್ಕೂ ಸಲ್ಲುತ್ತದೆ.

ರೈಲಿನ ಹಿಂದೆಯೇ ಸಿಮೆಂಟು ಬಂತು. ನೆಲದ ಮೇಲೆ ಫರ್ಶಿ, ಫರ್ಶಿಯ ಅಡಿಯಲ್ಲಿ ಸುಣ್ಣದಕಲ್ಲು; ಇನ್ನೇನು ಬೇಕು? 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಒಂದಾಗಿ ಎ.ಸಿ.ಸಿ. ರೂಪುಗೊಂಡಾಗ ಶಹಾಬಾದಿನ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು. 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದ ಕಾರ್ಖಾನೆಗಳು, ಈ ಶತಮಾನದಲ್ಲಿ ಚಿಂಚೋಳಿಯ ಸೀಮೆಯಲ್ಲಿಯೂ ಸಿಮೆಂಟಿನ ಉದ್ಯಮ. ಕಾರ್ಖಾನೆಯೊಡನೆ ಕಾಲೋನಿ, ಕಾಲೋನಿಯಲ್ಲಿ ಕ್ವಾರ್ಟರ್ಸುಗಳ ಸಾಲು. ಹುಟ್ಟಿನ ಲೆಕ್ಕದಲ್ಲಿ ಹಂಚಿಹೋಗಿದ್ದ ಊರಿನ ಪಕ್ಕದಲ್ಲಿ ಹುದ್ದೆಯ ಲೆಕ್ಕದಲ್ಲಿ ಹಂಚಿದ ಇನ್ನೊಂದು ಊರು ಎದ್ದಿತು. ಅಗಸಿಯೊಳಗಿನವನೂ ಹೊರಗಿನವನೂ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ವಾಸಿಸಲು ಅಲ್ಲಿ ಸಾಧ್ಯವಾಯಿತು. ಈ ಸೀಮೆಯ ಸಮಾಜದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಆದರೆ ಅಲ್ಲಿ ಬೇರೊಂದು ಷರತ್ತಿತ್ತು: ನೌಕರಿ ಇರುವವರೆಗೆ ಮನೆ.

ನನ್ನ ಸ್ನೇಹಿತರೊಬ್ಬರು ಇಂಥ ಒಂದು ಕಾಲೋನಿಯಲ್ಲಿ ಮೂವತ್ತು ವರ್ಷ ಕಳೆದರು. ನಿವೃತ್ತರಾಗಿ ಬೀಗದ ಕೈ ಒಪ್ಪಿಸುವ ದಿನ ನಾನು ಜೊತೆಗಿದ್ದೆ. ಸಾಮಾನುಗಳೆಲ್ಲ ಹೊರಟ ಮೇಲೆ ಅವರು ಅಂಗಳದ ಬೇವಿನ ಬುಡದಲ್ಲಿ ಸ್ವಲ್ಪ ಹೊತ್ತು ನಿಂತರು. “ಮನಿ ನಮ್ದಲ್ಲ ಅಂತ ಮೊದಲ ದಿನಾನೇ ಗೊತ್ತಿತ್ರಿ. ಗಿಡ ಮಾತ್ರ ನಮ್ದು ಅನಕೊಂಡಿದ್ದೆ” ಎಂದರು. ಕಾನೂನು ಗಿಡವನ್ನು ಬೇರೆಯಾಗಿ ಎಣಿಸುವುದಿಲ್ಲ. 1956ರ ಕಂಪನಿ ಕಾಯಿದೆಯ 630ನೆಯ ಕಲಮಿನ ಪ್ರಕಾರ ಕಂಪನಿಯ ಸ್ವತ್ತನ್ನು ಅಕ್ರಮವಾಗಿ ಹಿಡಿದಿಟ್ಟುಕೊಳ್ಳುವುದು ಅಪರಾಧ. ನ್ಯಾಯಾಲಯ ಹೇಳಿದ ಮೇಲೂ ಒಪ್ಪಿಸದಿದ್ದರೆ ಎರಡು ವರ್ಷದವರೆಗೆ ಸೆರೆವಾಸ. ಈ ಮಾತು ಕೆಲಸ ಬಿಟ್ಟವರಿಗೂ ಅನ್ವಯಿಸುತ್ತದೆಂದು 1987ರಲ್ಲಿ, ಸತ್ತ ನೌಕರನ ಮನೆಯವರಿಗೂ ಅನ್ವಯಿಸುತ್ತದೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2013ರ ಹೊಸ ಕಾಯಿದೆಯಲ್ಲಿ ಅದೇ ನಿಯಮ 452ನೆಯ ಕಲಮಾಗಿ ಮುಂದುವರಿದಿದೆ. ಮುಂದೆ ಬರುವ ಕಾರ್ಮಿಕನಿಗೂ ಮನೆ ಬೇಕಲ್ಲವೇ ಎಂಬ ನ್ಯಾಯ ಅದರಲ್ಲಿದೆ, ನಿಜ. ಆದರೂ ಬದುಕಿನ ಬಹುಭಾಗ ಕಳೆದ ಮನೆಯಲ್ಲಿ ಮನುಷ್ಯ ಕಡೆಯವರೆಗೂ ಅತಿಥಿಯೇ.

ಸ್ವಂತದ್ದೊಂದು ಸೂರು ಬೇಕೆಂಬ ಹಂಬಲ ಇಂಥ ಅನುಭವದಿಂದಲೇ ಬಲಿಯುತ್ತದೆ. ಅಲ್ಲಿಗೆ ಪ್ಲಾಟಿನ, ಖರೀದಿ ಪತ್ರದ, ಅದರೊಳಗಿನ ಕರಾರುಗಳ ಲೋಕ ಆರಂಭ. ಮಾರಿದವನು ಹಾಕಿದ ಷರತ್ತು ಕೊಂಡವನ ಕೈಯಿಂದ ಮತ್ತೆ ಕೊಂಡವನನ್ನೂ ಕಟ್ಟಬಲ್ಲದೇ? ಈ ಪ್ರಶ್ನೆಗೆ ಪ್ರಸಿದ್ಧವಾದ ಉತ್ತರ ದೊರೆತದ್ದು ಲಂಡನ್ನಿನಲ್ಲಿ. ಟಲ್ಕ್ ಎಂಬಾತ 1808ರಲ್ಲಿ ಲೆಸ್ಟರ್ ಚೌಕದ ತೋಟವನ್ನು ಮಾರುವಾಗ ಅದನ್ನು ಕಟ್ಟಡವಿಲ್ಲದ ತೋಟವಾಗಿಯೇ ಉಳಿಸಬೇಕೆಂದು ಬರೆಸಿಕೊಂಡಿದ್ದ. ಮುಂದೆ ಅದು ಕೈಯಿಂದ ಕೈಗೆ ಹೋಗಿ ಮಾಕ್ಸ್‌ಹೇ ಎಂಬಾತನಿಗೆ ಬಂದಾಗ ಆತ ಕಟ್ಟಡ ಕಟ್ಟಲು ಹೊರಟ. ಷರತ್ತು ತಿಳಿದೂ ಕೊಂಡವನು ಅದನ್ನು ಮೀರಕೂಡದೆಂದು 1848ರಲ್ಲಿ ನ್ಯಾಯಾಲಯ ತಡೆಯಿತು. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 40ನೆಯ ಕಲಮಿನಲ್ಲಿ ಈ ತತ್ತ್ವದ ನೆರಳಿದೆ. ಸುತ್ತಲಿನವರಿಗೆ ಗಾಳಿ ಬೆಳಕು ಉಳಿಸಿದ ಈ ಷರತ್ತನ್ನು ಯಾರು ತಾನೆ ದೂರುವರು?

ಆದರೆ ಅದೇ ಆಯುಧ ಬೇರೆ ಕೈಗಳಿಗೂ ಸಿಕ್ಕಿತು. ಅಮೆರಿಕದ ಸೇಂಟ್ ಲೂಯಿಸ್ ನಗರದ ಒಂದು ಬೀದಿಯಲ್ಲಿ ಮನೆಗಳ ಒಡೆಯರು 1911ರಲ್ಲಿ ಕೂಡಿ, ಕಪ್ಪು ಜನರಿಗೂ ಮಂಗೋಲ್ ಜನಾಂಗದವರಿಗೂ ಐವತ್ತು ವರ್ಷ ಇಲ್ಲಿ ನೆಲೆಯಿಲ್ಲವೆಂದು ಕರಾರು ಬರೆದರು. ಶೆಲಿ ಎಂಬ ಕಪ್ಪು ಕುಟುಂಬ 1945ರಲ್ಲಿ ಅಲ್ಲಿ ಮನೆ ಕೊಂಡಿತು. ಅವರನ್ನು ಹೊರಡಿಸಬೇಕೆಂದು ನೆರೆಯವರು ನ್ಯಾಯಾಲಯಕ್ಕೆ ಹೋದರು. 1948ರ ಮೇ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದ್ದಿಷ್ಟು: ಖಾಸಗಿಯವರು ತಮ್ಮತಮ್ಮಲ್ಲಿ ಏನಾದರೂ ಬರೆದುಕೊಳ್ಳಲಿ, ಅದನ್ನು ಜಾರಿ ಮಾಡಲು ರಾಜ್ಯದ ನ್ಯಾಯಾಲಯ ತನ್ನ ಕೈ ಕೊಡಲಾರದು. ಜನಾಂಗದ ಹೆಸರಿನಲ್ಲಿ ಮನೆ ನಿರಾಕರಿಸುವುದನ್ನು ಅಲ್ಲಿಯ ಕಾನೂನು ವ್ಯಾಪಕವಾಗಿ ನಿಷೇಧಿಸಿದ್ದು ಮತ್ತೆ ಇಪ್ಪತ್ತು ವರ್ಷಗಳ ನಂತರ, 1968ರಲ್ಲಿ.

ಅದೇ 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತದಲ್ಲಿ ಕೂಡಿತು. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಂಗಡಿ, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ ಅವನ್ನು ಎಲ್ಲರಿಗೂ ತೆರೆಯಿತು. ಆ ಪಟ್ಟಿಯಲ್ಲಿ ವಾಸದ ಮನೆಯ ಹೆಸರಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಈ ಕೊರತೆಯನ್ನು ಒಂದಿಷ್ಟು ತುಂಬಿತು. ಯಾವುದೇ ವಸತಿಯಲ್ಲಿ ಮನೆ ಕಟ್ಟುವುದನ್ನು, ಕೊಳ್ಳುವುದನ್ನು, ವಾಸಿಸುವುದನ್ನು ಅಸ್ಪೃಶ್ಯತೆಯ ಕಾರಣದಿಂದ ತಡೆಯುವುದು ಅದರ ಪ್ರಕಾರ ಅಪರಾಧ. ಆದರೆ ತಡೆಯುವವನು ಕಾರಣವನ್ನು ಬಾಯಿಬಿಟ್ಟು ಹೇಳಬೇಕಲ್ಲ! ಮನೆ ಖಾಲಿಯಿಲ್ಲ, ಮಾತಾಗಿಹೋಗಿದೆ ಎಂದರೆ ಸಾಕು, ಕಾಯಿದೆ ಬಾಗಿಲಲ್ಲೇ ನಿಲ್ಲುತ್ತದೆ.

ಒಂದು ಸಮುದಾಯ ತನ್ನವರಿಗಾಗಿ ಮಾತ್ರ ವಸತಿ ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆ 2005ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅಹಮದಾಬಾದಿನ ಒಂದು ಪಾರಸಿ ಗೃಹನಿರ್ಮಾಣ ಸಹಕಾರ ಸಂಘದ ಉಪನಿಯಮದಂತೆ ಪಾರಸಿಗಳಷ್ಟೇ ಸದಸ್ಯರಾಗಬಹುದಿತ್ತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದ ಆಧಾರದ ಮೇಲೆ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಸಂಖ್ಯೆಯಲ್ಲಿ ಕ್ಷೀಣಿಸುತ್ತಿರುವ ಒಂದು ಸಮುದಾಯದ ಆತಂಕವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ಓದುವಾಗ 1917ರ ಬರೋಡದ ಸಂಗತಿಯೊಂದು ನೆನಪಿಗೆ ಬಂದೇ ಬಂತು. ವಿದೇಶದಲ್ಲಿ ಓದಿ ಅಲ್ಲಿ ಅಧಿಕಾರಿಯಾಗಿ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಒಂದು ಕೋಣೆ ದೊರೆಯಲಿಲ್ಲ. ಪಾರಸಿ ಹೆಸರು ಬರೆಸಿ ಪಾರಸಿಗಳ ತಂಗುದಾಣವೊಂದರಲ್ಲಿ ಇಳಿದರು. ಗುಟ್ಟು ತಿಳಿದಾಗ ಹೊರಬೀಳಬೇಕಾಯಿತು. ಹಿಂದೂ ಗೆಳೆಯನೂ ಕ್ರೈಸ್ತ ಗೆಳೆಯನೂ ಅವರಿಗೆ ಮನೆ ಕೊಡಲಾಗಲಿಲ್ಲ. ಎಲ್ಲ ಸಮುದಾಯಗಳೂ ತಮ್ಮವರಿಗಷ್ಟೇ ಎಂದು ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ಉಳಿಯುವವನು ಯಾರೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಾಗೆಂದು ನಿರ್ಬಂಧವೆಲ್ಲವೂ ಕೇಡೆನ್ನಲಾರೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪರಭಾರೆ ಮಾಡಕೂಡದೆಂಬ ಷರತ್ತಿಗೆ ಬಲ ಕೊಟ್ಟದ್ದು 1978ರ ಕರ್ನಾಟಕದ ಕಾಯಿದೆ. ಸಾಲದ ಸಂಕಟದಲ್ಲಿ ಅಗ್ಗಕ್ಕೆ ಕೈಬಿಟ್ಟ ನೆಲವನ್ನು ಮರಳಿ ಕೊಡಿಸುವ ಆ ಕಾಯಿದೆಯನ್ನು 1984ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಪ್ಪಿತು. ಮಾರುವುದನ್ನು ತಡೆಯುವ ಷರತ್ತೇ ಇಲ್ಲಿಯೂ ಇದೆ. ಆದರೆ ಅದು ಕಾಯುವುದು ನೆಲ ಕಳೆದುಕೊಳ್ಳುವವನನ್ನು. ಆದ್ದರಿಂದ ಯಾವ ಕರಾರನ್ನಾದರೂ ಒರೆಗೆ ಹಚ್ಚಬೇಕಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಇದು ಯಾರನ್ನು ಯಾರಿಂದ ಕಾಯುತ್ತದೆ?

ಮೇಲೆ ಹೇಳಿದ ಸ್ನೇಹಿತರು ಕಾಲೋನಿ ಬಿಟ್ಟ ಮರುವರ್ಷ ತಾಲ್ಲೂಕಿನ ಊರೊಂದರ ಹೊಸ ಬಡಾವಣೆಯಲ್ಲಿ ಪ್ಲಾಟು ಗೊತ್ತುಮಾಡಿ, ಖರೀದಿ ಪತ್ರದ ಕರಡನ್ನು ಓದಿ ಹೇಳಿರೆಂದು ನನ್ನ ಬಳಿಗೆ ತಂದರು. ಮಧ್ಯಸ್ಥನೂ ಜೊತೆಗಿದ್ದ. ಬಿಡಬೇಕಾದ ಅಡಿಗಳು, ಚರಂಡಿ, ಅಂಗಡಿಯ ನಿಷೇಧ ಎಲ್ಲವನ್ನೂ ಓದಿ ವಿವರಿಸಿದೆ. ಯಾವುದರಲ್ಲಿಯೂ ದೋಷವಿರಲಿಲ್ಲ. ಮಡಿಸಿ ಕೊಡುವಾಗ ಮಧ್ಯಸ್ಥ ಸಂತೋಷದಿಂದ ಒಂದು ಮಾತು ಸೇರಿಸಿದ: “ಏನೂ ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಅಲ್ಲಿ ಎಲ್ಲಾ ನಮ್ಮವರೇ ಇದ್ದಾರ.”

ಪತ್ರದಲ್ಲಿ ಇಲ್ಲದ ಕೊನೆಯ ಷರತ್ತು ಅದು. ಮಳಖೇಡದ ತಾಮ್ರಪಟವೂ ಬರೆಯದ, ಓಣಿಗಳಿಗೆ ಮಾತ್ರ ಗೊತ್ತಿದ್ದ ಷರತ್ತು ಹೊಸ ಬಡಾವಣೆಗೂ ನಡೆದು ಬಂದಿತ್ತು. ಮೂವತ್ತು ವರ್ಷ ಕಾಲೋನಿಯಲ್ಲಿ ಎಲ್ಲರ ನೆರೆಯಲ್ಲಿ ಬಾಳಿದ ನನ್ನ ಸ್ನೇಹಿತರು ಏನೂ ಹೇಳಲಿಲ್ಲ. ಬರೆದ ಷರತ್ತುಗಳನ್ನೆಲ್ಲ ಗಟ್ಟಿಯಾಗಿ ಓದಿದ ನಾನೂ, ‘ನಮ್ಮವರು’ ಎಂದರೆ ಯಾರು ಎಂದು ಕೇಳಲಿಲ್ಲ. ಕೇಳಬೇಕಾಗಿತ್ತು. ಮುಂದೆ ಅಂಥ ಪತ್ರ ಕೈಗೆ ಬಂದವರಾದರೂ ಕೇಳಲಿ ಎಂದು ಈ ಮಾತುಗಳನ್ನು ಹೇಳಿದ್ದೇನೆ.