ಚಾಳೀಸಿನಿಂದ ಚೀಟಿಯವರೆಗೆ: ಕಣ್ಣಿನ ನಂಬರ್ ಯಾರದ್ದು?

ಇವತ್ತಿನ ಪ್ರಶ್ನೆ ಚಿಕ್ಕದು. ನಿಮ್ಮ ಕನ್ನಡಕದ ಫ್ರೇಮ್ ಗಟ್ಟಿಯಾಗಿದೆ, ಆದರೆ ಗ್ಲಾಸ್ ಮೇಲೆ ಗೀರು ಬಿದ್ದಿದೆ, ಅಥವಾ ನಂಬರ್ ಬದಲಾಗಿದೆ. ಕಣ್ಣು ಪರೀಕ್ಷೆ ಮಾಡಿಸಿದ್ದು ಒಂದು ಊರಲ್ಲಿ. ಆ ಚೀಟಿ ಹಿಡಿದು ಇನ್ನೊಂದು ಊರಿನ ಅಂಗಡಿಗೆ ಹೋಗಿ, "ಇದೇ ಫ್ರೇಮಿಗೆ ಹೊಸ ಲೆನ್ಸ್ ಹಾಕಿಕೊಡಿ" ಅಂತ ಕೇಳಬಹುದಾ?

ಕೇಳಬಹುದು. ಆದರೆ ಹಾಗೆ ಕೇಳೋ ಶಕ್ತಿ ನಮಗೆ ಬಂದಿದ್ದು ಹೇಗೆ ಅನ್ನೋದಕ್ಕೆ ಐನೂರು ವರ್ಷದ ಕಥೆ ಇದೆ. ಒಂದೆರಡು ಕಡೆ ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಇವತ್ತು ಆ ಕಥೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಕುಳಗಿಯಿಂದ. ಗೊತ್ತಿಲ್ಲದವರಿಗೆ ಹೇಳ್ತೀನಿ: ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗೋ ರಸ್ತೆಯಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ ಸಿಗೋ ಊರು ಅದು. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇರೋದರಿಂದ ಪ್ರವಾಸಿಗರಿಗೆ ಹೆಸರು ಪರಿಚಯ. ನನಗೆ ಅದು ಚಿಕ್ಕಮ್ಮನ ಊರು. ಚಿಕ್ಕಮ್ಮ ಮನೆಯಲ್ಲೇ ಬಟ್ಟೆ ಹೊಲೀತಾರೆ. ಸೂಜಿಗೆ ದಾರ ಪೋಣಿಸೋಕೆ ಆಗದಿದ್ದರೆ ಆ ದಿನದ ದುಡಿಮೆ ಇಲ್ಲ. ಅಲ್ಲಿಂದ ಕನ್ನಡಕ ಅಂದ್ರೆ ಮೊದಲು ಬಸ್ಸು. ಸಣ್ಣ ರಿಪೇರಿಗೆ ದಾಂಡೇಲಿ, ಸರಿಯಾದ ಪರೀಕ್ಷೆಗೆ ಹುಬ್ಬಳ್ಳಿ ಕಡೆ ಹೋಗಬೇಕು, ಅಂದ್ರೆ ಇಡೀ ಒಂದು ದಿನ ಹೋಯ್ತು. ಪರೀಕ್ಷೆ ಮಾಡಿದ ಜಾಗದಲ್ಲೇ ಗ್ಲಾಸ್ ಕೂಡ ತಗೋಬೇಕು ಅಂತಾದ್ರೆ, ಅದನ್ನ ತರೋಕೆ ಇನ್ನೊಂದು ದಿನ. ಚೀಟಿ ಕೈಯಲ್ಲಿದ್ದರೆ ಆ ಎರಡನೇ ದಿನ ಉಳಿಯುತ್ತೆ. ಹೊಲಿಗೆ ಮಾಡೋರಿಗೆ ಒಂದು ದಿನ ಅಂದ್ರೆ ಲೆಕ್ಕಕ್ಕೆ ಬರೋ ವಿಷಯವೇ.

ಈಗ ಹಿಂದಕ್ಕೆ ಹೋಗೋಣ. ಕರ್ನಾಟಕದಿಂದಲೇ ಶುರು ಮಾಡೋಣ.

ವಿಜಯನಗರದ ಕಾಲದ ವ್ಯಾಸರಾಯರು ನಿಮಗೆ ಗೊತ್ತು. ಪುರಂದರದಾಸರು, ಕನಕದಾಸರ ಹೆಸರಿನ ಜೊತೆ ಸೇರಿ ಬರೋ ಗುರುಗಳು. ತೀರಿಕೊಂಡಿದ್ದು 1539ರಲ್ಲಿ. ಅವರ ಬಗ್ಗೆ ಸೋಮನಾಥ ಅನ್ನೋ ಕವಿ ಸಂಸ್ಕೃತದಲ್ಲಿ ‘ವ್ಯಾಸಯೋಗಿಚರಿತ’ ಬರೆದ. ಅದರಲ್ಲಿ ವ್ಯಾಸರಾಯರು ಗ್ರಂಥ ಓದುವಾಗ ಕಣ್ಣಿಗೆ ಒಂದು ಸಾಧನ ಇಟ್ಟುಕೊಂಡಿದ್ದರು ಅನ್ನೋ ಮಾತು ಬರುತ್ತೆ. ಕವಿ ಬಳಸಿದ ಪದ ‘ಉಪಲೋಚನಗೋಲಕ’, ಅಂದ್ರೆ ಕಣ್ಣಿಗೆ ಸಹಾಯಕ್ಕೆ ಇರೋ ದುಂಡನೆಯ ಗಾಜು. ಇತಿಹಾಸಕಾರ ಪಿ.ಕೆ. ಗೋಡೆ ಭಾರತದಲ್ಲಿ ಕನ್ನಡಕದ ಇತಿಹಾಸ ಹುಡುಕುವಾಗ ಈ ಸಾಲನ್ನ ಎತ್ತಿ ತೋರಿಸಿದರು. ಕಾಲ ಸುಮಾರು 1520. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಹತ್ತೇ ವರ್ಷದ ಅಂತರ.

ಆದರೆ ಒಂದು ಮಾತು ಗಮನಿಸಿ. ಆ ಗಾಜು ಒಡೆದಿದ್ದರೆ ಏನು ಗತಿ? "ಇದೇ ನಂಬರಿನದ್ದು ಇನ್ನೊಂದು ಕಳಿಸಿ" ಅಂತ ಬರೆದು ಕಳಿಸೋಕೆ ಆಗ ನಂಬರೇ ಇರಲಿಲ್ಲ. ಹತ್ತು ಗಾಜು ಎದುರಿಗಿಟ್ಟು ಒಂದೊಂದೇ ಕಣ್ಣಿಗೆ ಹಿಡಿದು, ಯಾವುದು ಸರಿ ಕಾಣುತ್ತೋ ಅದನ್ನ ತಗೋಬೇಕು. ಅಂದ್ರೆ ಅಂಗಡಿ ಇದ್ದ ಕಡೆ ನೀವೇ ಹೋಗಬೇಕು.

ಯೂರೋಪಿನಲ್ಲೂ ಇದೇ ಪಾಡು. ಕನ್ನಡಕ ಅಲ್ಲಿ ಶುರುವಾಗಿದ್ದು 13ನೇ ಶತಮಾನದ ಕೊನೆಗೆ, ಇಟಲಿಯಲ್ಲಿ. ದೂರದಿಂದ ಆರ್ಡರ್ ಮಾಡೋಕೆ ಅವರು ಕಂಡುಕೊಂಡ ಮೊದಲ ‘ನಂಬರ್’ ಯಾವುದು ಗೊತ್ತಾ? ವಯಸ್ಸು. 1462ರಲ್ಲಿ ಮಿಲಾನಿನ ಡ್ಯೂಕ್ ಫ್ರಾನ್ಚೆಸ್ಕೊ ಸ್ಫೋರ್ಜಾ ಫ್ಲಾರೆನ್ಸಿನಿಂದ ಮೂರು ಡಜನ್ ಕನ್ನಡಕ ತರಿಸಿದ. ಒಂದು ಡಜನ್ ದೂರ ನೋಡೋ ಹುಡುಗರಿಗೆ, ಒಂದು ಡಜನ್ ಹತ್ತಿರ ನೋಡೋ ಮುದುಕರಿಗೆ, ಒಂದು ಡಜನ್ ಸಾಮಾನ್ಯ ಕಣ್ಣಿಗೆ. ನಾಲ್ಕು ವರ್ಷ ಬಿಟ್ಟು ಅವನ ಮಗ 200 ಕನ್ನಡಕ ತರಿಸುವಾಗ ಐದೈದು ವರ್ಷದ ಲೆಕ್ಕದಲ್ಲಿ ವಯಸ್ಸು ಹೇಳಿ ಆರ್ಡರ್ ಕೊಟ್ಟ.

ನಗು ಬಂತಾ? ನಮ್ಮದೂ ಅದೇ ಲೆಕ್ಕ ಸ್ವಾಮಿ. ಕನ್ನಡಕಕ್ಕೆ ನಮ್ಮ ಹಳಬರು ಏನಂತಾರೆ? ಚಾಳೀಸು. ಹಳಿಯಾಳ, ದಾಂಡೇಲಿ ಕಡೆ ಮರಾಠಿ ಮಾತಾಡೋ ಮನೆಗಳಲ್ಲಿ ಚಾಳಿಶಿ. ಚಾಳೀಸ್ ಅಂದ್ರೆ ನಲವತ್ತು. ನಲವತ್ತಾಯ್ತು, ಓದೋಕೆ ಗಾಜು ಬೇಕಾಯ್ತು, ಆ ವಯಸ್ಸೇ ವಸ್ತುವಿಗೆ ಹೆಸರಾಯ್ತು. ಸ್ಫೋರ್ಜಾನ ಆರ್ಡರ್ ಪುಸ್ತಕ ನಮ್ಮ ಬಾಯಲ್ಲಿ ಇವತ್ತಿಗೂ ಉಳಿದಿದೆ.

ವಯಸ್ಸನ್ನ ಬಿಟ್ಟು ಕಣ್ಣನ್ನೇ ಅಳೆಯೋಕೆ ಹೊರಟವರಲ್ಲಿ ಮೊದಲಿಗ ಸ್ಪೇನಿನ ಬೆನಿತೊ ದಾಸಾ ದೆ ವಾಲ್ದೆಸ್. 1623ರಲ್ಲಿ ಸೆವಿಲ್ಲೆಯಲ್ಲಿ ಕನ್ನಡಕದ ಬಗ್ಗೆ ಒಂದು ಪುಸ್ತಕ ಅಚ್ಚು ಹಾಕಿಸಿದ. ಅವನ ಉಪಾಯ ನಮ್ಮ ಅಡುಗೆಮನೆಯದ್ದು: ಸಾಸಿವೆ ಕಾಳು ಸಾಲಾಗಿ ಇಡಿ, ಎಷ್ಟು ದೂರದಿಂದ ಎಣಿಸೋಕೆ ಆಗುತ್ತೆ ನೋಡಿ, ಅದರ ಮೇಲೆ ಗಾಜಿನ ಡಿಗ್ರಿ ಲೆಕ್ಕ ಹಾಕಿ. ದೂರದ ಊರಲ್ಲಿ ಇರೋರು ತಮ್ಮ ಅಳತೆ ಬರೆದು ಕಳಿಸಿ ಕನ್ನಡಕ ತರಿಸೋದು ಹೇಗೆ ಅಂತಲೂ ಹೇಳಿದ. ಅಂಗಡಿ ಒಂದು ಕಡೆ, ಕಣ್ಣು ಇನ್ನೊಂದು ಕಡೆ, ನಡುವೆ ಒಂದು ಚೀಟಿ. ನಮ್ಮ ಇವತ್ತಿನ ವಿಷಯದ ಬೇರು ಇಲ್ಲಿದೆ.

ಇನ್ನೂರು ವರ್ಷ ಮುಂದೆ ಬನ್ನಿ. 1825. ಕೇಂಬ್ರಿಡ್ಜ್‌ನ ಖಗೋಳ ವಿಜ್ಞಾನಿ ಜಾರ್ಜ್ ಏರಿಗೆ ಎಡಗಣ್ಣಿನಲ್ಲಿ ಎಲ್ಲವೂ ಒಂದು ದಿಕ್ಕಿಗೆ ಎಳೆದ ಹಾಗೆ ಕಾಣ್ತಿತ್ತು. ಈಗ ಅದನ್ನ ಅಸ್ಟಿಗ್ಮಾಟಿಸಂ ಅಂತೀವಿ. ಅವನು ತನ್ನ ಕಣ್ಣನ್ನ ತಾನೇ ಅಳೆದು, ಬೇಕಾದ ಲೆನ್ಸಿನ ಲೆಕ್ಕ ಬರೆದು, ಕುಶಲಕರ್ಮಿಗಳನ್ನ ಹುಡುಕಿಕೊಂಡು ಹೊರಟ. ಕೆಲವರ ಹತ್ತಿರ ಆಗಲಿಲ್ಲ. ಕೊನೆಗೆ ಇಪ್ಸ್‌ವಿಚ್ ಊರಿನ ಫುಲ್ಲರ್ ಅನ್ನೋನು ಮಾಡಿಕೊಟ್ಟ. ಇವತ್ತು ನಿಮ್ಮ ಚೀಟಿಯಲ್ಲಿ ‘ಸಿಲಿಂಡರ್’, ‘ಆಕ್ಸಿಸ್’ ಅಂತ ಎರಡು ಕಾಲಂ ಇದ್ದರೆ, ಅದು ಏರಿ ಫುಲ್ಲರ್‌ಗೆ ಕೊಟ್ಟ ಲೆಕ್ಕದ ಮೊಮ್ಮಗು.

ಆದರೂ ಒಂದು ತೊಡಕು ಉಳಿದಿತ್ತು. ಬಿ.ಕಾಂ. ಓದಿದವನಾಗಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಯಾಕಂದ್ರೆ ಇದು ಅಳತೆಯ ಸಮಸ್ಯೆ. ಆಗ ಲೆನ್ಸಿನ ನಂಬರ್ ಇಂಚಿನಲ್ಲಿ ಇರ್ತಿತ್ತು, ಬೆಳಕು ಎಷ್ಟು ಇಂಚು ದೂರದಲ್ಲಿ ಒಂದಾಗುತ್ತೆ ಅನ್ನೋ ಲೆಕ್ಕ. ಇಂಚು ಮಾತ್ರ ದೇಶಕ್ಕೊಂದು. ಪ್ಯಾರಿಸ್ಸಿನ ಇಂಚು ಸುಮಾರು 27 ಮಿಲಿಮೀಟರ್, ಇಂಗ್ಲಿಷ್ ಇಂಚು 25.4. ಹತ್ತನೇ ನಂಬರ್ ಚೀಟಿ ಪ್ಯಾರಿಸ್ಸಿನಲ್ಲಿ ಬರೆಸಿ ಲಂಡನ್ನಿನಲ್ಲಿ ಗ್ಲಾಸ್ ಮಾಡಿಸಿದರೆ, ಈಗಿನ ಲೆಕ್ಕದಲ್ಲಿ ಸುಮಾರು ಕಾಲು ಪಾಯಿಂಟ್ ವ್ಯತ್ಯಾಸ. ಇವತ್ತು ವೈದ್ಯರು 1.00 ಇದ್ದದ್ದು 1.25 ಆಗಿದೆ ಅಂತಾರಲ್ಲ, ಅಷ್ಟು. ಗಡಿ ದಾಟಿದ ಕೂಡಲೇ ಕಣ್ಣಿನ ನಂಬರ್ ಬದಲಾಗ್ತಿತ್ತು!

ಇದಕ್ಕೆ ಪರಿಹಾರ ಎರಡು ಹೆಜ್ಜೆಯಲ್ಲಿ ಬಂತು. 1862ರಲ್ಲಿ ನೆದರ್ಲೆಂಡ್ಸಿನ ಹರ್ಮನ್ ಸ್ನೆಲೆನ್ ಗೋಡೆಗೆ ತೂಗುಹಾಕೋ ಅಕ್ಷರದ ಚಾರ್ಟ್ ಮಾಡಿದ, ಪರೀಕ್ಷೆ ಎಲ್ಲ ಕಡೆ ಒಂದೇ ಆಯ್ತು. 1872ರಲ್ಲಿ ಫ್ರಾನ್ಸಿನ ಫೆರ್ಡಿನಾಂಡ್ ಮೊನೊಯೆ ‘ಡಯಾಪ್ಟರ್’ ಅನ್ನೋ ಮಾನ ಸೂಚಿಸಿದ, ಅಳತೆಯೂ ಎಲ್ಲ ಕಡೆ ಒಂದೇ ಆಯ್ತು. ಒಂದು ಮೀಟರಿನಲ್ಲಿ ಬೆಳಕು ಒಂದಾದರೆ 1 ಡಯಾಪ್ಟರ್, ಅರ್ಧ ಮೀಟರಿನಲ್ಲಿ ಆದರೆ 2. ಮೂರೇ ವರ್ಷದಲ್ಲಿ, 1875ರಲ್ಲಿ, ಬ್ರಸೆಲ್ಸಿನಲ್ಲಿ ಸೇರಿದ ವೈದ್ಯರು ಇದನ್ನ ಒಪ್ಪಿದರು. ಅವತ್ತಿನಿಂದ ಆ ಚೀಟಿ ಒಂದು ನೋಟಿನ ಹಾಗೆ. ಎಲ್ಲಿ ಬರೆದರೂ ಎಲ್ಲಿ ಬೇಕಾದರೂ ಚಲಾವಣೆ.

ಚಲಾವಣೆ ಆಗುತ್ತೆ ಅಂದ್ರೆ ವ್ಯಾಪಾರ ಕೈತಪ್ಪುತ್ತೆ ಅಂತಲೂ ಅರ್ಥ. ಅಲ್ಲಿಂದ ಜಗಳ ಶುರು.

ಅಮೆರಿಕದ ಒಕ್ಲಹೋಮಾ ರಾಜ್ಯ 1953ರಲ್ಲಿ ಒಂದು ಕಾನೂನು ಮಾಡಿತು. ವೈದ್ಯರ ಚೀಟಿ ಇಲ್ಲದೆ ಕನ್ನಡಕದ ಅಂಗಡಿಯವನು ಲೆನ್ಸ್ ಹಾಕುವಂತಿಲ್ಲ. ಒಡೆದ ಲೆನ್ಸನ್ನೇ ಅಳೆದು ಅದರ ಹಾಗೆ ಇನ್ನೊಂದು ಮಾಡಿಕೊಡುವಂತಿಲ್ಲ. ಹಳೇ ಲೆನ್ಸನ್ನ ಹೊಸ ಫ್ರೇಮಿಗೆ ಕೂರಿಸುವಂತೆಯೂ ಇಲ್ಲ! ಅಂಗಡಿಯವರು ಕೋರ್ಟಿಗೆ ಹೋದರು. ಲೆನ್ಸಿನ ಪವರ್ ಅಳೆಯೋ ಯಂತ್ರ ಇದೆ, ಹೊಸ ಪರೀಕ್ಷೆ ಯಾಕೆ ಬೇಕು ಅನ್ನೋದು ಅವರ ವಾದ. 1955ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಈ ಕಾನೂನು ಎಷ್ಟೋ ಸಲ ಅನಗತ್ಯ ಖರ್ಚೇ ಇರಬಹುದು, ಆದರೆ ಲಾಭ ನಷ್ಟ ತೂಗೋದು ಶಾಸಕರ ಕೆಲಸ, ಕೋರ್ಟಿನದ್ದಲ್ಲ ಅನ್ನೋದು ಸಾರಾಂಶ. ಅಂಗಡಿಯವರು ಸೋತರು. ಅಮೆರಿಕದಲ್ಲಿ ಲಾ ಓದೋರು ಇವತ್ತಿಗೂ ಈ ಕೇಸನ್ನ ಓದ್ತಾರೆ.

ಆಮೇಲೆ ಅರ್ಥಶಾಸ್ತ್ರ ಬಂತು. 1972ರಲ್ಲಿ ಲೀ ಬೆನ್‌ಹ್ಯಾಮ್ ಒಂದು ಪ್ರಬಂಧ ಬರೆದ. ಕನ್ನಡಕದ ಜಾಹೀರಾತು ನಿಷೇಧ ಇದ್ದ ರಾಜ್ಯಗಳಲ್ಲಿ ಬೆಲೆ ಜಾಸ್ತಿ, ಬಿಟ್ಟ ರಾಜ್ಯಗಳಲ್ಲಿ ಕಡಿಮೆ ಅಂತ ಲೆಕ್ಕ ಸಮೇತ ತೋರಿಸಿದ. ವ್ಯತ್ಯಾಸ ಶೇಕಡಾ 25ರಿಂದ 100ಕ್ಕೂ ಮೇಲೆ. ಹೋಲಿಸಿ ನೋಡೋ ಅವಕಾಶ ಗಿರಾಕಿಗೆ ಸಿಕ್ಕರೆ ಬೆಲೆ ಇಳಿಯುತ್ತೆ, ಇಷ್ಟೇ ಮಾತು. ಆದರೆ ಹೋಲಿಸೋಕೆ ಚೀಟಿ ಕೈಯಲ್ಲಿ ಇರಬೇಕಲ್ಲ? ಕೆಲವರು ಚೀಟಿ ಕೊಡ್ತಿರಲಿಲ್ಲ, ಕೆಲವರು ಅದಕ್ಕೆ ಬೇರೆ ದುಡ್ಡು ಕೇಳ್ತಿದ್ದರು. ಅದಕ್ಕೇ 1978ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂತು: ಪರೀಕ್ಷೆ ಮುಗಿದ ಕೂಡಲೇ ಚೀಟಿ ಕೊಡಬೇಕು, ಹೆಚ್ಚಿನ ಹಣ ಕೇಳುವಂತಿಲ್ಲ. 2024ರಲ್ಲಿ ಇನ್ನೂ ಬಿಗಿ ಮಾಡಿ, ಚೀಟಿ ಸಿಕ್ಕಿದ್ದಕ್ಕೆ ರೋಗಿಯಿಂದ ಸಹಿಯನ್ನೂ ತಗೋಬೇಕು ಅಂದರು.

ನಮ್ಮ ಕಡೆ ಕಥೆ ಬೇರೆ ದಾರಿ ಹಿಡಿಯಿತು. ಇಲ್ಲಿ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ವೈದ್ಯರು ಸಿಗೋದೇ ಪ್ರಶ್ನೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಕಣ್ಣಿನ ಶಿಬಿರ ತಗೊಂಡು ಹೋದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದ್ದು. ಕಣ್ಣೊಳಗೆ ಕೃತಕ ಲೆನ್ಸ್ ಕೂರಿಸೋದು ಆಗ ಹಳ್ಳಿ ಶಿಬಿರಗಳಿಗೆ ಬಂದಿರಲಿಲ್ಲ. ಪೊರೆ ತೆಗೆದ ಮೇಲೆ ಸುಮಾರು ಪ್ಲಸ್ 10ರ ದಪ್ಪ ಗಾಜು ಬೇಕಿತ್ತು. ಶಿಬಿರ ಎದ್ದು ಮುಂದಿನ ಊರಿಗೆ ಹೋಗುತ್ತೆ. ಆಮೇಲೆ ಗಾಜು ಒಡೆದರೆ ಅಜ್ಜನ ಕೈಯಲ್ಲಿ ಉಳಿಯೋದು ನಂಬರ್ ಒಂದೇ.

ಈಗಿನ ಕಾಯ್ದೆ ಏನು ಹೇಳುತ್ತೆ? 2002ರ ಭಾರತೀಯ ವೈದ್ಯಕೀಯ ಮಂಡಳಿಯ ವೃತ್ತಿ ನಿಯಮಾವಳಿ ಪ್ರಕಾರ ರೋಗಿ ತನ್ನ ದಾಖಲೆ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕು. ವೈದ್ಯರು ಸಾಧನ ಬರೆದುಕೊಟ್ಟು ತಾವೇ ಒದಗಿಸಿದರೆ ತಪ್ಪಲ್ಲ, ಆದರೆ ರೋಗಿಯ ಶೋಷಣೆ ಆಗಬಾರದು ಅಂತಲೂ ಅದರಲ್ಲಿದೆ. ಅಂದ್ರೆ ಆಸ್ಪತ್ರೆಯ ಪಕ್ಕದ ಅಂಗಡಿಯಲ್ಲೇ ತಗೊಳ್ಳೋದು ನಿಮ್ಮ ಆಯ್ಕೆ, ನಿಮ್ಮ ಮೇಲಿನ ಷರತ್ತು ಅಲ್ಲ.

ಇನ್ನು ಚಿಕ್ಕಮ್ಮನ ವಿಷಯ. ಒಂದು ಕಡೆ ಪರೀಕ್ಷೆ ಆಯ್ತು, ಚೀಟಿಯೂ ಸಿಕ್ತು. ಆದರೆ ಅದರಲ್ಲಿ ‘ಪಿಡಿ’ ಬರೆದಿರಲಿಲ್ಲ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಅದು, ಮಿಲಿಮೀಟರಿನಲ್ಲಿ. ಲೆನ್ಸಿನ ನಡುಬಿಂದು ಪಾಪೆಯ ಎದುರಿಗೇ ಕೂರಬೇಕು. ನಂಬರ್ ಜಾಸ್ತಿ ಇದ್ದಷ್ಟೂ ಈ ಅಂತರ ತಪ್ಪಿದರೆ ತಲೆನೋವು ಜಾಸ್ತಿ. ದಾಂಡೇಲಿಯ ಅಂಗಡಿಯವರು ಸ್ಕೇಲ್ ಹಿಡಿದು ತಾವೇ ಅಳೆದರು. ಆಮೇಲೆ ಫ್ರೇಮನ್ನ ಬೆಳಕಿಗೆ ಹಿಡಿದು, "ಪ್ಲಾಸ್ಟಿಕ್ ಹಳೇದಾಗಿದೆ, ಬಿಸಿ ಮಾಡಿ ಹಾಕುವಾಗ ಒಡೆದರೆ ಜವಾಬ್ದಾರಿ ನಿಮ್ಮದು" ಅಂದರು. ನ್ಯಾಯವಾದ ಮಾತೇ. ಒಡೆಯಲಿಲ್ಲ. ಸಂಜೆ ಬಸ್ಸಿಗೆ ಚಿಕ್ಕಮ್ಮ ವಾಪಸ್.

ನೀವೂ ಲೆನ್ಸ್ ಬದಲಿಸೋ ಮೊದಲು ನಾಲ್ಕು ಮಾತು ನೆನಪಿಡಿ. ಚೀಟಿಯಲ್ಲಿ ಬಲ, ಎಡ, ಸಿಲಿಂಡರ್, ಆಕ್ಸಿಸ್ ಜೊತೆ ಪಿಡಿ ಕೂಡ ಬರೆದುಕೊಡಿ ಅಂತ ಪರೀಕ್ಷೆ ಮಾಡಿದಲ್ಲೇ ಕೇಳಿ. ಚೀಟಿಯ ಫೋಟೋ ತೆಗೆದು ಮನೆಯವರಿಗೂ ಕಳಿಸಿ. ಚೀಟಿ ಕಳೆದರೆ ಹಳೇ ಗ್ಲಾಸನ್ನೇ ಲೆನ್ಸೋಮೀಟರಿನಲ್ಲಿ ಇಟ್ಟು ನಂಬರ್ ಓದಬಹುದು, ಆದರೆ ಅದು ಹಳೇ ಕಣ್ಣಿನ ನಂಬರ್ ಅನ್ನೋದು ಮರೀಬೇಡಿ. ಹೊಸ ಗ್ಲಾಸ್ ಬಂದ ಮೇಲೆ ಅಂಗಡಿಯಲ್ಲೇ ಅದೇ ಯಂತ್ರದಲ್ಲಿ ಚೀಟಿಗೆ ತಾಳೆ ಹಾಕಿಸಿ. ಒಂದು ಸಮಾಧಾನದ ಸುದ್ದಿಯೂ ಇದೆ: 2025ರ ಸೆಪ್ಟೆಂಬರ್ 22ರಿಂದ ನಂಬರ್ ಕನ್ನಡಕ, ಲೆನ್ಸ್ ಮೇಲಿನ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಬಿಲ್ ಕೇಳಿ ಪಡೆಯಿರಿ.

ವ್ಯಾಸರಾಯರ ಹತ್ತಿರ ಗಾಜು ಇತ್ತು, ನಂಬರ್ ಇರಲಿಲ್ಲ. ನಮ್ಮ ಹತ್ತಿರ ನಂಬರ್ ಇದೆ. ಸಾಸಿವೆ ಎಣಿಸಿದವರು, ಇಂಚಿನ ಜೊತೆ ಗುದ್ದಾಡಿದವರು, ಕೋರ್ಟಿನಲ್ಲಿ ಸೋತವರು ಎಲ್ಲರೂ ಸೇರಿ ಅದನ್ನ ಒಂದು ತುಂಡು ಕಾಗದದ ಮೇಲೆ ಇಳಿಸಿಕೊಟ್ಟಿದ್ದಾರೆ. ಆ ಕಾಗದ ಬರೆದವರದ್ದಲ್ಲ, ಮಾರೋರದ್ದೂ ಅಲ್ಲ, ಆ ಕಣ್ಣಿನಿಂದ ನೋಡೋರದ್ದು. ಪರೀಕ್ಷೆ ಮುಗಿಸಿ ಏಳುವಾಗ ಅದನ್ನ ಕೇಳಿ ಪಡೆದೇ ಏಳಿ.