ನೇಗಿಲು ಕಾಣದ ಬಯಲು

ಅಕ್ಟೋಬರಿನ ಬೆಳಗ್ಗೆ ಆಕ್ಸ್‌ಫರ್ಡಿನ ವಾಲ್ಟನ್ ವೆಲ್ ರಸ್ತೆಯ ಗೇಟು ದಾಟಿದರೆ ಪೋರ್ಟ್ ಮೆಡೋ ಎಂಬ ಹುಲ್ಲುಬಯಲು. ಮಂಜು ಕವಿದು ಥೇಮ್ಸ್ ಕಾಣಿಸುವುದಿಲ್ಲ. ಬಾತುಗಳ ಗದ್ದಲ ಕೇಳಿಯೇ ನದಿ ಯಾವ ಕಡೆ ಎಂದು ತಿಳಿಯಬೇಕು. ನಮ್ಮ ನಾಯಿ ಕರಿಯ ಹಗ್ಗ ಜಗ್ಗುತ್ತಾನೆ. ಆದರೆ ದನಗಳ ಹತ್ತಿರ ಅವನನ್ನು ಬಿಡುವ ಹಾಗಿಲ್ಲ. ಇಲ್ಲಿ ದನ, ಕುದುರೆಗಳು ಮೊದಲು. ನಾಯಿ, ನಾಯಿ ಹಿಡಿದವರು ಆಮೇಲೆ.

ಈ ಮೇವಿನ ಹಕ್ಕು ಬಹಳ ಹಳೆಯದು. ಆಕ್ಸ್‌ಫರ್ಡಿನ ಪೌರರೆಲ್ಲ ಕೋಟೆಗೋಡೆಯಾಚೆ ಒಂದು ಹುಲ್ಲುಗಾವಲನ್ನು ಒಟ್ಟಾಗಿ ಅನುಭವಿಸುತ್ತಿದ್ದಾರೆ, ಅದರ ಹುಟ್ಟುವಳಿ 6 ಷಿಲಿಂಗ್ 8 ಪೆನ್ಸ್ ಎಂದು 1086ರ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿದೆ. ಊರ ಗೋಮಾಳ ಸೈಟುಗಳಾಗಿ ಹಂಚಿಹೋದದ್ದನ್ನು ಕಂಡ ನನಗೆ, ಇದು ಮಾತ್ರ ಹೇಗೆ ಉಳಿಯಿತು ಎಂಬ ಕುತೂಹಲ.

ಹಕ್ಕುದಾರರು ಹಲವರು ಎನ್ನುವುದೇ ಒಂದು ಕಾರಣವಿರಬೇಕು. ನಗರದ ಪೌರಹಕ್ಕು ಪಡೆದ 'ಫ್ರೀಮನ್'ಗಳಿಗೂ ಪಕ್ಕದ ವುಲ್ವರ್‌ಕೋಟ್ ಹಳ್ಳಿಯವರಿಗೂ ಇಲ್ಲಿ ಮೇಯಿಸುವ ಹಕ್ಕುಂಟು. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುವಾಗ ಬೇಲಿ ಹಾಕಿಕೊಳ್ಳುವುದು ಸುಲಭವಲ್ಲ. ನೇಗಿಲು ಬೀಳಲಿಲ್ಲವಾಗಿ ನೆಲದ ಹಳೆಯ ಗುರುತುಗಳೂ ಅಳಿದಿಲ್ಲ. ರೌಂಡ್ ಹಿಲ್ ಎಂಬ ದಿಬ್ಬ ಕಂಚಿನ ಯುಗದ ಸಮಾಧಿ. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಒಣಗಿದ ಹುಲ್ಲಿನ ನಡುವೆ ಕಬ್ಬಿಣ ಯುಗದ ವಸತಿಗಳ ಕಾಲುವೆಗೆರೆಗಳು ಮೂಡುತ್ತವೆ.

ಬೇರೆ ಉಪಯೋಗಗಳೂ ಬಂದುಹೋದವು. ಇಲ್ಲಿ ಕುದುರೆ ಪಂದ್ಯ ನಡೆದಿತ್ತು. ಮೊದಲ ಮಹಾಯುದ್ಧದಲ್ಲಿ ಇದೇ ಬಯಲು ವಿಮಾನ ನಿಲ್ದಾಣವಾಯಿತು. ಅದಕ್ಕೂ ಮೊದಲೇ, 1912ರ ಸೆಪ್ಟೆಂಬರಿನಲ್ಲಿ, ವುಲ್ವರ್‌ಕೋಟ್ ಬಳಿ ವಿಮಾನವೊಂದು ಬಿದ್ದು ಇಬ್ಬರು ಸೇನಾಧಿಕಾರಿಗಳು ತೀರಿಕೊಂಡರು. ಅವರ ನೆನಪಿನ ಫಲಕ ಅಲ್ಲಿನ ಸೇತುವೆಯ ಮೇಲಿದೆ. ಪಂದ್ಯ ನಿಂತಿತು, ವಿಮಾನಗಳು ಹೋದವು, ದನಗಳು ಉಳಿದವು.

ಹಾಗೆಂದು ಹಕ್ಕು ತನ್ನಷ್ಟಕ್ಕೆ ಉಳಿಯುವಂಥದ್ದಲ್ಲ. ವರ್ಷಕ್ಕೊಮ್ಮೆ ಆಕ್ಸ್‌ಫರ್ಡಿನ ಷೆರಿಫ್ ನೇತೃತ್ವದಲ್ಲಿ ಬಯಲಿನ ದನ, ಕುದುರೆಗಳನ್ನೆಲ್ಲ ಒಂದೆಡೆ ಕೂಡುತ್ತಾರೆ. ಹಕ್ಕಿಲ್ಲದವರು ಮೇಯಲು ಬಿಟ್ಟಿದ್ದರೆ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ದಿನವನ್ನು ಮಾತ್ರ ಮೊದಲೇ ಸಾರುವುದಿಲ್ಲ. ಸಾರಿದರೆ, ಕದ್ದು ಮೇಯಿಸುವವರು ಹಿಂದಿನ ರಾತ್ರಿಯೇ ಹೊಡೆದುಕೊಂಡು ಹೋಗಿಬಿಡುತ್ತಾರಲ್ಲ!