ಚಕ್ರದಿಂದ ಷಂಟಿಗೆ: ಬೆಳಗಾವಿ, ಖಾನಾಪುರದ ಕರೆಂಟು ಅಳೆದ ಬಗೆ

ಬೆಳಗಾವಿಯ ಶಹಾಪುರ, ಟಿಳಕವಾಡಿಯ ಮನೆಗಳಲ್ಲೂ ಖಾನಾಪುರ ತಾಲ್ಲೂಕಿನ ನಂದಗಡ, ಲೋಂಡಾದ ಮನೆಗಳಲ್ಲೂ ಬಹುಕಾಲ ವಿದ್ಯುತ್ ಮೀಟರೆಂದರೆ ಗಾಜಿನ ಹಿಂದೆ ತಿರುಗುವ ಅಲ್ಯೂಮಿನಿಯಂ ಚಕ್ರವೇ ಆಗಿತ್ತು. 1956ರ ನವೆಂಬರ್ 1ರವರೆಗೆ ಈ ಭಾಗ ಮುಂಬಯಿ ರಾಜ್ಯದಲ್ಲಿತ್ತು. ಆಳ್ವಿಕೆ ಬದಲಾದರೂ 1910ರ ವಿದ್ಯುತ್ ಕಾಯ್ದೆ ಬದಲಾಗಲಿಲ್ಲ. ಮುಂದೆ ಕೆಇಬಿ, 1999ರಿಂದ ಕೆಪಿಟಿಸಿಎಲ್, 2002ರಿಂದ ಹೆಸ್ಕಾಂ ಹೀಗೆ ಬಿಲ್ಲಿನ ತಲೆಬರಹ ಬದಲಾಗುತ್ತ ಬಂತು. ಚಕ್ರ ಮಾತ್ರ ತಿರುಗುತ್ತಲೇ ಇತ್ತು.

ಚಕ್ರದ ಮೇಲೆ ಕೆಳಗೆ ಎರಡು ಸುರುಳಿಗಳಿದ್ದವು, ಒಂದು ವೋಲ್ಟೇಜಿಗೆ, ಇನ್ನೊಂದು ಕರೆಂಟಿಗೆ. ಎರಡರ ಕಾಂತಬಲ ಸೇರಿ ಚಕ್ರವನ್ನು ತಳ್ಳುತ್ತಿತ್ತು. ಹೀಟರ್ ಹಚ್ಚಿದರೆ ಚಕ್ರ ಓಡುವುದನ್ನು ಅಕ್ಷರ ಬಾರದವರೂ ನೋಡಿ ತಿಳಿಯಬಹುದಿತ್ತು. ಅಷ್ಟು ನೇರವಾದ ಸಾಧನ ಮತ್ತೆ ಬರಲಿಲ್ಲ.

2003ರ ವಿದ್ಯುತ್ ಕಾಯ್ದೆಯ ನಂತರ, 2006ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಹೊಸ ಮೀಟರುಗಳು ಸ್ಟ್ಯಾಟಿಕ್, ಅಂದರೆ ತಿರುಗುವ ಭಾಗವಿಲ್ಲದವೇ ಆಗಿರಬೇಕೆಂದವು. ಇಂಥ ಸಿಂಗಲ್ ಫೇಸ್ ಮೀಟರುಗಳೊಳಗೆ ಸಾಮಾನ್ಯವಾಗಿ ಕರೆಂಟನ್ನು ಅಳೆಯುವುದು ಷಂಟು, ಮ್ಯಾಂಗನಿನ್ ಮಿಶ್ರಲೋಹದ ಗಿಡ್ಡ ಪಟ್ಟಿ. ಇದು ಹೊಸದಲ್ಲ, ಹತ್ತೊಂಬತ್ತನೆಯ ಶತಮಾನದ ಡಿಸಿ ಅಮ್ಮೀಟರುಗಳಲ್ಲೇ ಇತ್ತು. ಬಿಸಿಯಾದರೂ ಮ್ಯಾಂಗನಿನ್ನಿನ ರೋಧ ಹೆಚ್ಚುಕಡಿಮೆ ಬದಲಾಗದು, ಅದೇ ಅದರ ಗುಣ. 300 ಮೈಕ್ರೋಓಮ್ ಪಟ್ಟಿಯಲ್ಲಿ 10 ಆಂಪಿಯರ್ ಹರಿದರೆ ಅದರ ತುದಿಗಳ ನಡುವೆ ಸಿಗುವುದು ಕೇವಲ 3 ಮಿಲಿವೋಲ್ಟ್, ವ್ಯಯವಾಗುವುದು 0.03 ವ್ಯಾಟ್. ಆ ಸಣ್ಣ ವೋಲ್ಟೇಜನ್ನು ಚಿಪ್ ಸೆಕೆಂಡಿಗೆ ಸಾವಿರಾರು ಸಲ ಓದಿ ಯೂನಿಟ್ ಲೆಕ್ಕ ಹಾಕುತ್ತದೆ. ಚಕ್ರದ ಬದಲು ಮಿಣುಕುವ ಕೆಂಪು ದೀಪ ಬಂತು. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ.

ಇಷ್ಟರಲ್ಲಿ ಮನೆಯ ಕರೆಂಟಿನ ಸ್ವರೂಪವೇ ಬದಲಾಗಿತ್ತು. ತಂತಿ ಬಲ್ಬು ಎಳೆಯುವ ಕರೆಂಟು ವೋಲ್ಟೇಜಿನಂತೆಯೇ ನಯವಾದ ಅಲೆ. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬುಗಳು ಅಲೆಯ ನೆತ್ತಿಯಲ್ಲಷ್ಟೇ ಚೂಪಾಗಿ ಕರೆಂಟು ಎಳೆಯುತ್ತವೆ. ಇದನ್ನು ಕಣ್ಣಾರೆ ಕಾಣಲು ಆಸಿಲೋಸ್ಕೋಪ್ ಬೇಕು. 1979ರಲ್ಲಿ ಗೋಗ್ಟೆ ತಾಂತ್ರಿಕ ವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕಲಿಯುವವರಿಗೆ ಇದು ಪರಿಚಿತ ಉಪಕರಣ. ಆಸಿಲೋಸ್ಕೋಪ್ ಕಾಣುವುದು ವೋಲ್ಟೇಜನ್ನು ಮಾತ್ರ, ಹಾಗಾಗಿ ನಡುವೆ ಷಂಟು ಬೇಕು. 0.1 ಓಮ್ ಷಂಟಿನಲ್ಲಿ 1 ಆಂಪಿಯರ್‌ಗೆ 100 ಮಿಲಿವೋಲ್ಟ್ ಏಳುತ್ತದೆ. 10 ಆಂಪಿಯರ್ ಹರಿಸಿದರೆ ಅದೇ ಷಂಟು 10 ವ್ಯಾಟ್ ಕಾವು ಉಗುಳುತ್ತದೆ. ಕರೆಂಟು ಹರಿಯುವ ತಂತಿ ಬೇರೆ, ವೋಲ್ಟೇಜ್ ಓದುವ ತಂತಿ ಬೇರೆ ಇರದಿದ್ದರೆ ಜೋಡಣೆಯ ರೋಧವೂ ಅಳತೆಗೆ ಸೇರಿಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರೋಬಿನ ಗ್ರೌಂಡ್ ಕ್ಲಿಪ್ ಸಾಮಾನ್ಯವಾಗಿ ಅರ್ಥಿಂಗಿಗೆ ಕೂಡಿರುತ್ತದೆ. ಫೇಸ್ ತಂತಿಯ ಷಂಟಿಗೆ ಅದನ್ನು ಕಚ್ಚಿಸಿದರೆ ನೇರ ಶಾರ್ಟ್. ಡಿಫರೆನ್ಶಿಯಲ್ ಪ್ರೋಬ್ ಇಲ್ಲದೆ ಅಂಥ ಅಳತೆಗೆ ಕೈ ಹಾಕಬಾರದು.

ಹೊಲಗಳ ನಡುವಿನ ಟಿಸಿಗಳಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರ್ ಕೇಂದ್ರಗಳಲ್ಲಿ, ಷಂಟು ನಡೆಯುವುದಿಲ್ಲ. ಅಲ್ಲಿ ಮೂರು ಫೇಸ್, ಮನೆಗಿಂತ ಬಹಳ ಹೆಚ್ಚು ಕರೆಂಟು. ಮೀಟರನ್ನು ಲೈನಿನಿಂದ ಬೇರ್ಪಡಿಸಲೇಬೇಕಾದ್ದರಿಂದ ಕರೆಂಟ್ ಟ್ರಾನ್ಸ್‌ಫಾರ್ಮರ್ ಬಳಕೆಯಾಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದ್ದು, ಹಲವಕ್ಕೆ ಮೀಟರೇ ಇಲ್ಲದ ಕಾರಣ, ಅವುಗಳ ಬಳಕೆಯನ್ನು ಅಂದಾಜಿಸಲು ಟಿಸಿ ಮತ್ತು ಫೀಡರ್ ಮೀಟರುಗಳನ್ನೇ ನೆಚ್ಚಬೇಕಾಗುತ್ತದೆ.